ಟುವಾಲುವಿಗೆ ಒಂದು ಟಿಕೆಟು

ಹೊಸಮನೆ ಬಡಾವಣೆಯ ಶಿವಯೋಗಿಯವರಿಗೆ, ಅರವತ್ತಮೂರನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಒಗ್ಗರಣೆ ಅವಲಕ್ಕಿಯ ತಟ್ಟೆಯ ಮುಂದೆ ಕೂತಿದ್ದಾಗ, ತಾವು ಹುಟ್ಟಬೇಕಾಗಿದ್ದ ಊರು ಶಿವಮೊಗ್ಗ ಅಲ್ಲ ಎಂಬ ವಿಷಯ ಗೊತ್ತಾಯಿತು.

ಇಷ್ಟು ತಡವಾಗಿ ಗೊತ್ತಾದದ್ದಕ್ಕೆ ಅವರನ್ನು ದೂರುವಂತಿಲ್ಲ. ಆ ಊರಿನ ವಿಡಿಯೋ ಅವರ ಮೊಬೈಲಿಗೆ ಬಂದದ್ದೇ ಅವತ್ತು. ನೀಲಿ ಸಮುದ್ರದ ಮಧ್ಯೆ ಯಾರೋ ಬಿಚ್ಚಿ ಎಸೆದ ಉಡುದಾರದಂತೆ ಒಂದು ಚೂರು ನೆಲ. ಆ ನೆಲದ ಮೇಲೆ ವಿಮಾನ ಇಳಿಯುವ ರನ್‌ವೇ. ರನ್‌ವೇ ಮೇಲೆ ಹುಡುಗರು ಚೆಂಡು ಒದೆಯುತ್ತಿದ್ದಾರೆ, ಹೆಂಗಸರು ಚಾಪೆ ಹಾಸಿಕೊಂಡು ಹರಟುತ್ತಿದ್ದಾರೆ, ಒಬ್ಬ ಮುದುಕ ಅಂಗಾತ ಮಲಗಿದ್ದಾನೆ. ಅಷ್ಟರಲ್ಲಿ ಸೈರನ್ ಕೂಗಿತು. ವಿಮಾನ ಬರುತ್ತಿದೆ, ಜಾಗ ಬಿಡಿ ಎಂದು ಅದರ ಅರ್ಥ. ವಾರಕ್ಕೆ ಎರಡು ಮೂರು ಸಲವಷ್ಟೇ ಅಲ್ಲಿಗೆ ವಿಮಾನ. ಸೈರನ್ ಕೇಳಿ ಆ ಜನ ಏನು ಮಾಡಿದರು? ಯಾರೂ ಓಡಲಿಲ್ಲ. ಹುಡುಗರು ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹೆಂಗಸರು ಚಾಪೆ ಸುತ್ತಿದರು. ಮುದುಕ ಎದ್ದು ಕೂತು ಆಕಳಿಸಿ, ಸಾಲದೆಂದು ಇನ್ನೊಮ್ಮೆ ಆಕಳಿಸಿ, ಬದಿಗೆ ನಡೆದ. ವಿಮಾನ ಇಳಿಯಿತು.

ಶಿವಯೋಗಿಯವರ ಕೈಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

ಅವರು ಮೂವತ್ತನಾಲ್ಕು ವರ್ಷ ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಟೈಂ ಕೀಪರ್ ಆಗಿದ್ದವರು. ಸೈರನ್ ಕೂಗಿದ ಮೇಲೆ ಗೇಟು ದಾಟಿದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುವುದೇ ಅವರ ಉದ್ಯೋಗ. ಸೈರನ್ ಎಂದರೆ ಅವರ ಪಾಲಿಗೆ ಓಡುವ ಜನ: ಸೈಕಲ್ ಬೀಳಿಸಿಕೊಂಡು, ಬುತ್ತಿ ಚೆಲ್ಲಿಕೊಂಡು, ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿಬರುವ ಜನ. ಸೈರನ್ ಕೂಗಿದರೂ ಓಡದ ಒಂದು ದೇಶ ಭೂಮಿಯ ಮೇಲೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಉಮಾ, ನಾನು ಟುವಾಲುಗೆ ಹೋಗ್ಬೇಕು," ಎಂದರು.

ಅಡುಗೆಮನೆಯಿಂದ ಅವರ ಪತ್ನಿ ಉಮಾಮಹೇಶ್ವರಿಯವರ ಉತ್ತರ ಬಂತು. "ಟುವಾಲು ಹಿತ್ತಲಲ್ಲಿ ಒಣಗಾಕಿದೀನಿ, ತಗೊಳ್ಳಿ. ಬೆಳಿಗ್ಗೇನೇ ಸ್ನಾನ ಆಯ್ತಲ್ಲ, ಮತ್ಯಾಕೆ?"

"ಮೈ ಒರೆಸೋ ಟುವಾಲಲ್ಲ ಮಾರಾಯ್ತಿ. ಅದೊಂದು ದೇಶ."

"ದೇಶಕ್ಕೆ ಟುವಾಲು ಅಂತ ಹೆಸರಿಟ್ಟಿದಾರಾ? ಪಕ್ಕದ ದೇಶ ಯಾವ್ದು, ಲುಂಗಿನಾ?"

ಹೀಗೆ ಶುಭಾರಂಭವಾಯಿತು. ಅವತ್ತೇ ಸಂಜೆ ಶಿವಯೋಗಿಯವರು ಗಾಂಧಿಬಜಾರಿಗೆ ಹೋಗಿ ಒಂದು ದೊಡ್ಡ ಅಟ್ಲಾಸ್ ತಂದರು. ಜೊತೆಗೆ ಒಂದು ಗೋಡೆ ಗಡಿಯಾರವನ್ನೂ ತಂದು, ನಡುಮನೆಯಲ್ಲಿ ಹಳೆಯ ಗಡಿಯಾರದ ಪಕ್ಕದಲ್ಲೇ ಮೊಳೆ ಹೊಡೆದು, ಆರೂವರೆ ಗಂಟೆ ಮುಂದಿಟ್ಟು ನೇತುಹಾಕಿದರು. ಅದು ಟುವಾಲುವಿನ ಸಮಯ. ಅಂದಿನಿಂದ ಅವರು ತಿಂಡಿಗೆ ಕೂತಾಗಲೆಲ್ಲ ಆ ಗಡಿಯಾರ ನೋಡಿ, "ಪಾಪ, ಅಲ್ಲಿ ಆಗ್ಲೇ ಮಧ್ಯಾಹ್ನ ಮೂರು," ಎಂದು ನಿಟ್ಟುಸಿರು ಬಿಡತೊಡಗಿದರು. (ಯಾರಿಗೆ ಪಾಪ ಎಂಬುದು ಸ್ಪಷ್ಟವಿರಲಿಲ್ಲ.)

ಅಟ್ಲಾಸಿನಲ್ಲಿ ಟುವಾಲುವನ್ನು ಹುಡುಕಲು ಎರಡು ದಿನ ಬೇಕಾಯಿತು. ಪೆಸಿಫಿಕ್ ಮಹಾಸಾಗರ ಎರಡು ಪುಟಗಳಷ್ಟು ಅಗಲ ಹಾಸಿಕೊಂಡು ಬಿದ್ದಿತ್ತು. ಅದರ ಮಧ್ಯೆ ಸಾಸಿವೆಗಿಂತ ಸಣ್ಣ ಒಂಬತ್ತು ಚುಕ್ಕೆ. ಅವರು ಪುಟ ತೆರೆದಿಟ್ಟು ಭೂತಕನ್ನಡಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಕಸ ಗುಡಿಸುತ್ತಿದ್ದ ಉಮಾಮಹೇಶ್ವರಿಯವರು ನೊಣದ ಹಿಕ್ಕೆ ಎಂದುಕೊಂಡು ಎರಡು ದ್ವೀಪಗಳನ್ನು ಉಗುರಿನಿಂದ ಕೆರೆದು ತೆಗೆದಿದ್ದರು.

"ಅಯ್ಯೋ, ಎರಡು ದ್ವೀಪ ಮುಳುಗಿಸಿಬಿಟ್ಯಲ್ಲ ಮಾರಾಯ್ತಿ. ಮೊದ್ಲೇ ಅಲ್ಲಿ ಸಮುದ್ರ ಮೇಲೇರ್ತಿದೆ. ಮುಳುಗೋಕೆ ಮುಂಚೆ ನೋಡ್ಬೇಕು ಅಂತಾನೇ ನಾನು ಒದ್ದಾಡ್ತಿರೋದು."

"ಮುಳುಗೋ ಊರಿಗೆ ಯಾರಾದ್ರೂ ಹುಡುಕ್ಕೊಂಡು ಹೋಗ್ತಾರಾ? ಇಲ್ಲೇ ಹೊಳಲೂರಿಗೆ ಹೋಗಿ. ಮಳೆಗಾಲದಲ್ಲಿ ತುಂಗಭದ್ರೆ ಗದ್ದೆಗೇ ಬರ್ತಾಳೆ. ಮಧ್ಯಾಹ್ನ ಊಟಕ್ಕೆ ವಾಪಸ್ ಬರ್ಬಹುದು."

"ಅದು ಹೊಳೆ ಕಣೆ. ಇದು ಮಹಾಸಾಗರ."

"ಅಲ್ಲಿ ಏನ್ ತಿಂತಾರೆ?"

ಶಿವಯೋಗಿಯವರು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿ ತೆಗೆದರು. ಮೀನನ್ನು ಬಿಟ್ಟು ಓದಿದರು. "ತೆಂಗಿನಕಾಯಿ, ಕೆಸುವಿನ ಗೆಡ್ಡೆ, ದೀವಿಹಲಸು."

"ದೀವಿಹಲಸು ತಿನ್ನೋಕೆ ಎರಡು ದಿನ ವಿಮಾನದಲ್ಲಿ ಕೂರ್ಬೇಕಾ? ಆಯನೂರಿನಲ್ಲಿ ನಮ್ಮ ರಶ್ಮಿ ಹಿತ್ತಲಲ್ಲಿ ಬಿದ್ದು ಕೊಳೀತಾ ಇದೆ." ರಶ್ಮಿ ಅವರ ಮಗಳು. ಆಯನೂರಿನ ಶಾಲೆಯಲ್ಲಿ ಟೀಚರು.

ಆದರೆ ಆಸೆ ಎಂಬುದು ದೀವಿಹಲಸಿನ ಮಾತಿಗೆ ತಣ್ಣಗಾಗುವಂಥದ್ದಲ್ಲ. ಶಿವಯೋಗಿಯವರು ವಾಕಿಂಗಿಗೆ ಹೋದಾಗ ತೆಂಗಿನ ಮರ ಕಂಡರೆ ನಿಲ್ಲುತ್ತಿದ್ದರು. ಸ್ನಾನದ ಹಂಡೆಯಲ್ಲಿ ತಂಬಿಗೆ ತೇಲಿಬಿಟ್ಟು ಬಹಳ ಹೊತ್ತು ನೋಡುತ್ತಿದ್ದರು. ಅವರಿಗೆ ಸಮುದ್ರ ಗೊತ್ತಿದ್ದದ್ದು ಗೋಕರ್ಣದಲ್ಲಿ ಒಂದೇ ಸಲ, ಅದೂ ತಂದೆಯವರ ಜೊತೆ ಹೋದಾಗ, ಐದು ನಿಮಿಷ. ಬಸ್ಸಿಗೆ ಹೊತ್ತಾಯಿತೆಂದು ಓಡಿದ್ದರು. ಆಮೇಲೆ ಓಡಿಸುವ ಕೆಲಸವೇ ಸಿಕ್ಕಿತು.

"ನೀನೂ ಬಾ ಉಮಾ," ಎಂದರು ಒಂದು ದಿನ. "ಮುಕ್ತಿನಾಥಕ್ಕೆ ಹೋಗೋಣ ಅಂತ ಮಾಡಿಸಿದ ಪಾಸ್‌ಪೋರ್ಟ್ ಇಬ್ಬರದೂ ಹಾಗೇ ಇದೆ. ರನ್‌ವೇ ಮೇಲೆ ಚಾಪೆ ಹಾಸ್ಕೊಂಡು ಕೂರೋಣ."

"ನಾನು ಬರಲ್ಲ. ನೀವೂ ಹೋಗಲ್ಲ," ಎಂದರು ಉಮಾಮಹೇಶ್ವರಿ. ಮಾತು ಅಲ್ಲಿಗೆ ಮುಗಿಯಿತು.

ನಾಲ್ಕು ದಿನ ಕಳೆದ ಮೇಲೆ, ಬಟ್ಟೆ ಮಡಚುತ್ತ, ಆಕೆ ಸುಮ್ಮನೆ ಎಂಬಂತೆ ಕೇಳಿದರು. "ನೀವೊಬ್ರೇ ಹೋದ್ರೆ ಎಷ್ಟು ದಿನ ಆಗುತ್ತೆ?"

"ಹೋಗಿ ಬರೋದೆಲ್ಲ ಸೇರಿ ಹದಿನೈದು ದಿನ."

"ಹದಿನೈದು," ಎಂದರು ಉಮಾಮಹೇಶ್ವರಿ. ಮಡಚುತ್ತಿದ್ದ ಪಂಚೆ ಕೈಯಲ್ಲೇ ಉಳಿಯಿತು. ಅವರ ಮುಖದಲ್ಲಿ, ದೂರದ ದಡ ಕಂಡ ನಾವಿಕನ ಮುಖದಲ್ಲಿ ಮೂಡುವಂಥ ಬೆಳಕು ಮೂಡಿತು.

ಇಲ್ಲಿ ಒಂದು ಮಾತು ಹೇಳಬೇಕು. ನಿವೃತ್ತಿಯಾಗಿ ಮೂರು ವರ್ಷವಾದರೂ ಶಿವಯೋಗಿಯವರು ಟೈಂ ಕೀಪರ್ ಕೆಲಸ ಬಿಟ್ಟಿರಲಿಲ್ಲ; ಕಾರ್ಖಾನೆಯಿಂದ ಮನೆಗೆ ವರ್ಗವಾಗಿತ್ತು, ಅಷ್ಟೇ. ಹಾಲಿನವನು ನಾಲ್ಕು ನಿಮಿಷ ತಡ. ಕುಕ್ಕರಿನ ಎರಡನೆಯ ಸೀಟಿಗೂ ಮೂರನೆಯದಕ್ಕೂ ನಿನ್ನೆಗಿಂತ ಅಂತರ ಹೆಚ್ಚು. ಪಕ್ಕದ ಮನೆಯ ವೇದಾವತಿಯವರ ಜೊತೆ ಕಾಂಪೌಂಡ್ ಬಳಿ ಮಾತು, ಇಪ್ಪತ್ತೆರಡು ನಿಮಿಷ. ಇಂಥ ಗಂಡ ಸಮುದ್ರದಾಚೆ, ಆರೂವರೆ ಗಂಟೆಯಷ್ಟು ಮುಂದೆ, ಹದಿನೈದು ದಿನ ಇರುತ್ತಾನೆ ಎನ್ನುವುದು ಉಮಾಮಹೇಶ್ವರಿಯವರಿಗೆ ಮೊದಲು ಹೊಳೆದಿರಲಿಲ್ಲ. ಹೊಳೆದ ಮೇಲೆ ಅವರು ತಡಮಾಡಲಿಲ್ಲ. ಮರುದಿನವೇ ದುರ್ಗಿಗುಡಿಯ ಟ್ರಾವೆಲ್ಸ್ ವೆಂಕಟಾಚಲನ ಅಂಗಡಿಗೆ ಗಂಡನನ್ನು ತಾವೇ ಕರೆದುಕೊಂಡು ಹೋದರು.

"ಬೆಂಗಳೂರಿಂದ ಸಿಂಗಪುರ, ಸಿಂಗಪುರದಿಂದ ಫಿಜಿ, ಫಿಜಿಯಿಂದ ಚಿಕ್ಕ ವಿಮಾನ," ಎಂದು ವೆಂಕಟಾಚಲ ಕಂಪ್ಯೂಟರ್ ನೋಡುತ್ತ ಹೇಳಿದ. "ಸ್ವಲ್ಪ ದೂರ ಆಗುತ್ತೆ ಮೇಡಂ."

"ಪರವಾಗಿಲ್ಲ. ಇನ್ನೂ ಸ್ವಲ್ಪ ದೂರದ ದೇಶ ಇದ್ರೂ ನೋಡಿ," ಎಂದರು ಉಮಾಮಹೇಶ್ವರಿ.

ಮುಂದಿನದೆಲ್ಲ ಸುಸೂತ್ರವಾಗಿ ನಡೆಯಿತು. ಶಿವಯೋಗಿಯವರಿಗೆ ಬೇಸರವಾಗುವಷ್ಟು ಸುಸೂತ್ರವಾಗಿ. ಉಮಾಮಹೇಶ್ವರಿ ಚಟ್ನಿಪುಡಿ ಕುಟ್ಟಿದರು, ರೊಟ್ಟಿ ಒಣಗಿಸಿದರು, ವಿಭೂತಿಯಿಂದ ಹಿಡಿದು ಬಿ.ಪಿ. ಮಾತ್ರೆಯ ತನಕ ಡಬ್ಬಿಗಳಿಗೆ ತುಂಬಿದರು. ಅಡುಗೆಮನೆಯಿಂದ ಗುನುಗು ಕೇಳಿಬರುತ್ತಿತ್ತು. ಮೂವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಗೆ ಗುನುಗಲು ಬರುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ಒಮ್ಮೆ ಬಾಗಿಲಲ್ಲಿ ನಿಂತು, "ನಾನಿಲ್ದೇ ನಿನಗೆ ಕಷ್ಟ ಆಗುತ್ತೇನೋ," ಎಂದು ನೋಡಿದರು. "ಏನ್ ಮಾಡೋದು, ಹೇಗೋ ಸುಧಾರಿಸ್ತೀನಿ," ಎಂದು ಆಕೆ ರೊಟ್ಟಿ ಎಣಿಸುವುದನ್ನು ಮುಂದುವರಿಸಿದರು. ಒಂದೇ ಒಂದು ಸಲ ‘ಬೇಡ ಕಣ್ರೀ’ ಎಂದಿದ್ದರೆ ಶಿವಯೋಗಿಯವರು ಟುವಾಲುವಿಗೆ ಇನ್ನಷ್ಟು ಸಂತೋಷದಿಂದ ಹೋಗುತ್ತಿದ್ದರು.

ಹೊರಡುವ ದಿನ ಬೆಳಿಗ್ಗೆ ಇಡೀ ವಾಕಿಂಗ್ ಬಳಗ ಸ್ಟೇಷನ್ನಿಗೆ ಬಂದಿತ್ತು. ನಿವೃತ್ತ ಉಪನ್ಯಾಸಕ ಜನಾರ್ದನ ಅವರು ಏಲಕ್ಕಿ ಹಾರ ಹಾಕಿ, "ವಿಶ್ವಪರ್ಯಟಕ ಶಿವಯೋಗಿಗಳು ನಮ್ಮ ಬಡಾವಣೆಯ ಕೀರ್ತಿಪತಾಕೆಯನ್ನು ಮಹಾಸಾಗರದ ಮೇಲೆ ಹಾರಿಸಲಿ," ಎಂದು ರೈಲು ಹೊರಡುವವರೆಗೂ ಭಾಷಣ ಮಾಡಿದರು. ಉಮಾಮಹೇಶ್ವರಿ ಕಿಟಕಿಯ ಬಳಿ ಬಂದು, "ತಲುಪಿದ್ ತಕ್ಷಣ ಫೋನ್ ಮಾಡಿ. ದಿನಾ ಮಾಡ್ಬೇಕು ಅಂತೇನಿಲ್ಲ," ಎಂದರು.

ರೈಲು ಊರು ದಾಟಿ ಹತ್ತು ನಿಮಿಷವಾಗಿತ್ತು. ವೆಂಕಟಾಚಲನ ಫೋನು.

"ಸಾರ್, ಹೊರಟ್ಬಿಟ್ರಾ? ಛೆ. ಫಿಜಿಯಿಂದ ಈಗಷ್ಟೇ ಮೇಲ್ ಬಂತು ಸಾರ್. ಆ ಚಿಕ್ಕ ವಿಮಾನ ರಿಪೇರಿಗೆ ಹೋಗಿದೆಯಂತೆ. ಎರಡು ವಾರ ಆ ದ್ವೀಪಕ್ಕೆ ವಿಮಾನಾನೇ ಇಲ್ಲ. ಟಿಕೆಟ್ ಮುಂದಕ್ಕೆ ಹಾಕ್ಸಿ ಕೊಡ್ತೀನಿ, ಟೆನ್ಷನ್ ಮಾಡ್ಕೋಬೇಡಿ. ಸದ್ಯಕ್ಕೆ ಮನೆಗೆ ವಾಪಸ್ ಬನ್ನಿ."

ರೈಲು ಭದ್ರಾವತಿಯಲ್ಲಿ ನಿಂತಿತು. ಶಿವಯೋಗಿಯವರು ಎರಡು ಪೆಟ್ಟಿಗೆ, ಒಂದು ಚೀಲ, ಕೊರಳಲ್ಲಿ ಏಲಕ್ಕಿ ಹಾರದೊಂದಿಗೆ ಪ್ಲಾಟ್‌ಫಾರ್ಮಿನ ಮೇಲೆ ಇಳಿದರು. ಮೂವತ್ತನಾಲ್ಕು ವರ್ಷ ದಿನಾ ಬೆಳಿಗ್ಗೆ ಇದೇ ಪ್ಲಾಟ್‌ಫಾರ್ಮಿನಲ್ಲಿ ಇಳಿದಿದ್ದರು. ವಿಶ್ವಪರ್ಯಟನೆ ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತು.

ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮನೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಯೋಚಿಸಿ, ವಿಷಯ ತಿಳಿಸಿಬಿಡೋಣವೆಂದು ಮನೆಗೆ ಫೋನ್ ಮಾಡಿದರು. ಆಚೆಯಿಂದ ಮೊದಲು ಕೇಳಿಸಿದ್ದು ವೇದಾವತಿಯವರ ನಗು. ಆಮೇಲೆ ಉಮಾಮಹೇಶ್ವರಿಯವರ ನಗು. ಬಹಳ ಹೊತ್ತಿನಿಂದ ನಗುತ್ತಿದ್ದವರು ಸುಧಾರಿಸಿಕೊಳ್ಳುವಾಗಿನ ಉಸಿರು.

"ಹೇಳಿ ರೀ. ರೈಲಲ್ಲಿ ಸೀಟು ಸರಿಯಾಗಿದೆಯಾ?"

"ಹೂಂ," ಎಂದರು ಶಿವಯೋಗಿ.

"ಆರಾಮಾಗಿ ಹೋಗ್ಬನ್ನಿ. ನಾವಿಲ್ಲಿ ಎರಡನೇ ಸಲ ಕಾಫಿ ಮಾಡ್ಕೊಂಡ್ವಿ. ಬೆಳಿಗ್ಗೆ ಹತ್ತೂವರೆಗೆ ಕಾಫಿ ಕುಡಿದು ಎಷ್ಟು ವರ್ಷ ಆಗಿತ್ತು ಗೊತ್ತಾ?"

ಅಂಥ ಮನೆಗೆ ಆ ಕ್ಷಣದಲ್ಲಿ ಎರಡು ಪೆಟ್ಟಿಗೆ ಹೊತ್ತು ವಾಪಸ್ ಹೋಗುವ ಧೈರ್ಯ ಶಿವಯೋಗಿಯವರಿಗೆ ಬರಲಿಲ್ಲ. ಜನಾರ್ದನರ ಭಾಷಣವೂ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಅವರು ಆಟೋ ಹತ್ತಿ ಹಳೆಯ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದರು.

ಕ್ವಾರ್ಟರ್ಸಿನಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಬೀಗ ಬೀಳದ ಮನೆಗಳಲ್ಲೊಂದು, ಎರಕದ ವಿಭಾಗದಲ್ಲಿದ್ದ ಕಲ್ಲಪ್ಪನದು. ಹೆಂಡತಿ ತೀರಿಕೊಂಡ ಮೇಲೆ ಅವನು ಅಲ್ಲಿ ಒಬ್ಬನೇ ಇದ್ದ. ಹಾರ ಹಾಕಿಕೊಂಡು ಬಂದ ಟೈಂ ಕೀಪರನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಪೂರ್ತಿ ಕಥೆ ಕೇಳಿದ.

"ಅಂದ್ರೆ, ಲೆಕ್ಕಕ್ಕೆ ನೀನೀಗ ಫಾರಿನ್‌ನಲ್ಲಿದೀಯ."

"ಹದಿನೈದು ದಿನ. ಯಾರಿಗೂ ಹೇಳ್ಬೇಡ ಮಾರಾಯ."

"ಎಂಬತ್ತೊಂಬತ್ತರಲ್ಲಿ ಮೂರೇ ನಿಮಿಷ ಲೇಟಾಗಿದ್ದಕ್ಕೆ ನನ್ನ ಗೇಟಿಂದ ವಾಪಸ್ ಕಳಿಸಿದ್ದೆ, ನೆನಪಿದೆಯಾ?"

"ಇದೆ."

"ಒಳಗೆ ಬಾ. ಚಪ್ಪಲಿ ಅಲ್ಲಿ ಬಿಡು. ಈರುಳ್ಳಿ ಹೆಚ್ಚೋದು ನಿನ್ನ ಡ್ಯೂಟಿ," ಎಂದ ಕಲ್ಲಪ್ಪ.

ಮೂರನೆಯ ದಿನ ‘ಟುವಾಲು ತಲುಪಿದ’ ಫೋನು ಮಾಡಬೇಕಾಯಿತು. ಸಂಜೆ ಆರಕ್ಕೆ ಶಿವಯೋಗಿಯವರು ಹಾಳುಬಿದ್ದ ಕಾರ್ಖಾನೆಯ ಮೈದಾನಕ್ಕೆ ಹೋಗಿ ಕಟ್ಟೆಯ ಮೇಲೆ ಕೂತರು. ಓದಿ ಓದಿ ಬಾಯಿಪಾಠವಾಗಿದ್ದದ್ದೆಲ್ಲ ತಾನಾಗಿಯೇ ಬಂತು.

"ಉಮಾ, ಬಂದೆ. ಈಗ ಇಲ್ಲಿ ಸೂರ್ಯ ಮುಳುಗ್ತಿದಾನೆ. ಏನು ಹೇಳ್ಲಿ, ನೀರೆಲ್ಲ ಅರಿಶಿನ ಕುಂಕುಮ ಕಲಸಿದ ಹಾಗಿದೆ."

"ರೀ, ಗೋಡೆ ಮೇಲಿರೋ ನಿಮ್ಮ ಗಡಿಯಾರ ಹನ್ನೆರಡೂವರೆ ತೋರಿಸ್ತಿದೆ. ಅಲ್ಲಿ ಈಗ ಮಧ್ಯರಾತ್ರಿ ಅಲ್ವಾ?"

ಮೂವತ್ತನಾಲ್ಕು ವರ್ಷದ ಟೈಂ ಕೀಪರಿಕೆ ಶಿವಯೋಗಿಯವರ ಬೆನ್ನಮೇಲೆ ಬೆವರಾಗಿ ಇಳಿಯಿತು. "ಅದ... ಅದಕ್ಕೆ ಬ್ಯಾಟರಿ ಹೋಗಿರ್ಬೇಕು," ಎಂದರು.

"ಇರ್ಬಹುದು," ಎಂದರು ಉಮಾಮಹೇಶ್ವರಿ. "ಹೊಸ ಬ್ಯಾಟರಿ ಹಾಕಿಸ್ತೀನಿ ಬಿಡಿ."

ಮರುದಿನದಿಂದ ಅವರು ಟುವಾಲುವಿನ ಸಂಜೆಗೆ ಸರಿಯಾಗಿ, ಅಂದರೆ ಭದ್ರಾವತಿಯ ಬೆಳಿಗ್ಗೆ ಹನ್ನೊಂದೂವರೆಗೆ, ಫೋನ್ ಮಾಡತೊಡಗಿದರು. ತಲೆ ಸುಡುವ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತು ಸೂರ್ಯಾಸ್ತ ವರ್ಣಿಸುವುದು ಸುಲಭದ ಕೆಲಸವಲ್ಲ. ಆದರೂ ದಿನದಿಂದ ದಿನಕ್ಕೆ ಪಳಗಿದರು. ದ್ವೀಪದ ಒಂದು ಪಕ್ಕ ಅಬ್ಬರದ ಸಮುದ್ರ, ಇನ್ನೊಂದು ಪಕ್ಕ ಕೆರೆಯಂತೆ ಸುಮ್ಮನಿರುವ ನೀರು. ರಸ್ತೆ ಎಷ್ಟು ಕಿರಿದೆಂದರೆ ಕೆಲವು ಕಡೆ ನಿಂತಲ್ಲಿಂದಲೇ ಎರಡನ್ನೂ ನೋಡಬಹುದು. ಮಳೆ ಬಂದರೆ ಊರೆಲ್ಲ ಪಾತ್ರೆ ಇಟ್ಟು ನೀರು ಹಿಡಿಯುತ್ತಾರೆ, ಅಲ್ಲಿ ಹೊಳೆಯಿಲ್ಲ, ಬಾವಿಯ ನೀರು ಉಪ್ಪು. ಸಂಜೆಯಾದರೆ ಎಲ್ಲರೂ ರನ್‌ವೇಗೆ ಬರುತ್ತಾರೆ. ಯಾರಿಗೂ ಎಲ್ಲಿಗೂ ಹೊತ್ತಾಗಿಲ್ಲ.

ಮೊದಮೊದಲು ಉಮಾಮಹೇಶ್ವರಿ ಎರಡು ಮಾತಿಗೇ, "ಸರಿ, ಹುಷಾರು," ಎಂದು ಇಡುತ್ತಿದ್ದರು. ಆಮೇಲೆ ಪ್ರಶ್ನೆ ಕೇಳಲು ಶುರುಮಾಡಿದರು.

"ಅಲ್ಲಿ ಹೆಂಗಸರು ಸಂಜೆ ಅಡುಗೆ ಮಾಡಲ್ವಾ?"

"ಮಾಡ್ತಾರೆ. ಅವರಿಗೆ ಹಸಿವಾದಾಗ."

"ಹಸಿವಾದಾಗ," ಎಂದು ಆಕೆ ನಿಧಾನವಾಗಿ ಪುನರುಚ್ಚರಿಸಿದರು. ಆ ದಿನ ಫೋನ್ ಇಟ್ಟ ಮೇಲೆ ಶಿವಯೋಗಿಯವರು ಬಹಳ ಹೊತ್ತು ಕಟ್ಟೆಯ ಮೇಲೇ ಇದ್ದರು.

ಎಂಟನೆಯ ದಿನಕ್ಕೆ ಅವರಿಗೆ ಮನೆ ನೆನಪಾಗಿ ಊಟ ಸೇರದಂತಾಯಿತು. ವಿಚಿತ್ರವೆಂದರೆ, ಪೆಸಿಫಿಕ್ ಸಾಗರದ ಮಧ್ಯೆ ಇದ್ದಿದ್ದರೆ ‘ದೂರ ಇದೆ, ಏನು ಮಾಡಲಾಗುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹತ್ತು ನಿಮಿಷಕ್ಕೊಮ್ಮೆ ‘ಶಿಮೊಗ್ಗಾ ಶಿಮೊಗ್ಗಾ’ ಎಂದು ಕರೆಯುತ್ತಿದ್ದಾನೆ. ಕರೆದರೂ ಹೋಗುವಂತಿಲ್ಲ.

ಒಂಬತ್ತನೆಯ ದಿನ ಹೋದರು. ತಲೆಗೆ ಕಲ್ಲಪ್ಪನ ಟುವಾಲು ಸುತ್ತಿಕೊಂಡು, ಮಾಸ್ಕ್ ಹಾಕಿಕೊಂಡು, ತಮ್ಮ ರಸ್ತೆಯ ಮೂಲೆಯ ಮೆಡಿಕಲ್ ಶಾಪಿನ ಮರೆಯಲ್ಲಿ ನಿಂತರು. ಹನ್ನೊಂದೂವರೆಗೆ ಇನ್ನೂ ಎರಡು ನಿಮಿಷವಿತ್ತು. ಉಮಾಮಹೇಶ್ವರಿ ಆಗಲೇ ಬಂದು ಹೊರಬಾಗಿಲ ಮೆಟ್ಟಿಲ ಮೇಲೆ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಶಿವಯೋಗಿಯವರು ಇನ್ನಷ್ಟು ಮರೆಗೆ ಸರಿದು ನಿಂತರು. ಫೋನ್ ಮಾಡಿದರು. ಮೊದಲ ರಿಂಗಿಗೇ ಆಕೆ ಎತ್ತಿಕೊಳ್ಳುವುದನ್ನು ನೋಡಿದರು.

"ಇವತ್ತು ಗಾಳಿ ಜೋರಾಗಿದೆ ಉಮಾ. ತೆಂಗಿನ ಗರಿಯೆಲ್ಲ ಒಂದೇ ಕಡೆ ಬಾಗಿವೆ. ನೀರಿನ ಮೇಲೆ ಒಂದು ದೋಣಿ, ಒಬ್ಬನೇ ಕೂತಿದಾನೆ. ಮನೆಗೆ ಹೋಗ್ಬೇಕು ಅಂತಿದೆ ಅವನಿಗೆ. ದಡ ಅಲ್ಲೇ ಕಾಣ್ತಾ ಇದೆ. ಆದ್ರೂ ಬರೋಕಾಗ್ತಿಲ್ಲ."

ಉಮಾಮಹೇಶ್ವರಿ ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದ್ದರು. ತಮ್ಮ ಮಾತನ್ನು ಹೆಂಡತಿ ಹೀಗೆ ಕಣ್ಣು ಮುಚ್ಚಿ ಕೇಳುತ್ತಾರೆಂದು ಶಿವಯೋಗಿಯವರಿಗೆ ಗೊತ್ತಿರಲಿಲ್ಲ. ಎದುರಿಗಿದ್ದಾಗ ಕೇಳಿದ್ದನ್ನು ನೋಡಿದ ನೆನಪಿಲ್ಲ; ಎದುರಿಗಿದ್ದಾಗ ಇಂಥ ಮಾತು ಆಡಿದ ನೆನಪೂ ಇಲ್ಲ.

"ಯಾಕೆ ಬರೋಕಾಗ್ತಿಲ್ಲ ಅವನಿಗೆ?" ಎಂದು ಆಕೆ ಕೇಳಿದರು.

ಉತ್ತರ ಕೊಡುವಷ್ಟರಲ್ಲಿ ಸೊಪ್ಪಿನ ಗಾಡಿ ಬಂತು. "ಮೆಂತೆ ಸೊಪ್ಪು, ಸಬ್ಬಸಿಗೆ, ಹರವೇ," ಎಂದು ಅದರ ಮೈಕು ಮೆಡಿಕಲ್ ಶಾಪಿನ ಮುಂದೆ, ಶಿವಯೋಗಿಯವರ ಕಿವಿಯ ಪಕ್ಕದಲ್ಲೇ ಒದರಿ, ಹಾಗೇ ಮುಂದಕ್ಕೆ ಹೋಗಿ ಉಮಾಮಹೇಶ್ವರಿಯವರ ಗೇಟಿನ ಮುಂದೆ ನಿಂತು ಅದನ್ನೇ ಒದರಿತು.

"ಅಲ್ಲೂ ಸಬ್ಬಸಿಗೆ ಸಿಗುತ್ತಾ ರೀ?"

"ಸಿಗುತ್ತೆ," ಎಂದರು ಶಿವಯೋಗಿ ಕ್ಷೀಣ ದನಿಯಲ್ಲಿ. "ಫಿಜಿಯಲ್ಲಿ ನಮ್ಮ ಕಡೆಯವರು ಬಹಳ ಇದಾರಲ್ಲ. ಅಲ್ಲಿಂದ ಬರುತ್ತೆ."

"ಒಳ್ಳೇದಾಯ್ತು," ಎಂದು ಆಕೆ ಒಂದು ಕಟ್ಟು ಸಬ್ಬಸಿಗೆ ತೆಗೆದುಕೊಂಡು ಒಳಗೆ ಹೋದರು. ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ.

ಹದಿನೈದನೆಯ ದಿನ ಶಿವಯೋಗಿಯವರು ಬೆಂಗಳೂರಿನ ರೈಲು ಬರುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಗಳೊಂದಿಗೆ ಮನೆಗೆ ಬಂದರು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಅದನ್ನು ನೋಡಿ ವಾಕಿಂಗ್ ಬಳಗದವರು ಸಮುದ್ರದ ಗಾಳಿಯ ಮಹಿಮೆಯನ್ನು ಕೊಂಡಾಡಿದರು. ಹೆಂಡತಿಗೆಂದು ಒಂದು ದೊಡ್ಡ ಶಂಖ ತಂದಿದ್ದರು. ಅದನ್ನು ಕೊಟ್ಟವಳು ಕಲ್ಲಪ್ಪನ ಪಕ್ಕದ ಮನೆಯ ಸೆಲ್ವಿ. ಅವಳು ಅದನ್ನು ತಂದದ್ದು ರಾಮೇಶ್ವರದಿಂದ. ಅದರ ಮೇಲಿದ್ದ ತಮಿಳು ಅಕ್ಷರಗಳನ್ನು ಎಷ್ಟು ಉಜ್ಜಿದರೂ ಎರಡು ಉಳಿದುಬಿಟ್ಟಿದ್ದವು.

"ಇದೇನ್ರೀ ಬರ್ದಿರೋದು?"

"ಅದು ಟುವಾಲು ಲಿಪಿ."

"ಭದ್ರಾವತಿ ಗೋಡೆ ಮೇಲೆ ಬರ್ದಿರ್ತಾರಲ್ಲ, ಅದೇ ಥರ ಇದೆ," ಎಂದು ಉಮಾಮಹೇಶ್ವರಿ ಅದನ್ನು ಷೋಕೇಸಿನಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟರು.

ಒಂದು ವಾರ ಕಳೆಯಿತು. ಶಿವಯೋಗಿಯವರು ಹಾಲಿನವನ ಸಮಯ ನೋಡುವುದನ್ನು ಬಿಟ್ಟಿದ್ದರು. ಅವರ ತಲೆಯಲ್ಲಿ ಬೇರೊಂದು ಯೋಜನೆ ನಡೆದಿತ್ತು: ಮುಂದಕ್ಕೆ ಹಾಕಿಸಿದ ಟಿಕೆಟು ಹ್ಯಾಗೂ ಇದೆ. ಹೆಂಡತಿಗೂ ಒಂದು ತೆಗೆಸಿ, ಇಬ್ಬರೂ ಹೋಗಿ, ಆ ರನ್‌ವೇ ಮೇಲೆ ಚಾಪೆ ಹಾಸಿಕೊಂಡು ಕೂತ ಮೇಲೆ ನಿಜ ಹೇಳಿಬಿಡುವುದು. ಅಲ್ಲಿ ಕೂತು ಹೇಳಿದರೆ ಯಾರಿಗೂ ಸಿಟ್ಟು ಬರಲಾರದು. ಮಾತು ಹೇಗೆ ತೆಗೆಯುವುದೆಂದು ಅವರು ಯೋಚಿಸುತ್ತಿರುವಾಗಲೇ, ಒಂದು ಬೆಳಿಗ್ಗೆ ಇಡ್ಲಿ ಬಡಿಸುತ್ತ ಉಮಾಮಹೇಶ್ವರಿಯೇ ತೆಗೆದರು.

"ರೀ, ನಾನು ಟುವಾಲುಗೆ ಹೋಗ್ಬೇಕು ಅಂತಿದೀನಿ."

ಶಿವಯೋಗಿಯವರ ಕಣ್ಣಲ್ಲಿ ನೀರು ಬಂತು. "ನಾನೂ ಅದನ್ನೇ ಹೇಳೋಣ ಅಂತಿದ್ದೆ ಉಮಾ. ಇಬ್ರೂ ಹೋಗೋಣ."

"ನೀವ್ಯಾಕೆ?" ಆಕೆ ಚಟ್ನಿ ಬಡಿಸಿದರು. "ನೀವು ಹೇಗೂ ನೋಡ್ಕೊಂಡು ಬಂದಿದೀರಲ್ಲ. ಒಂದೇ ಊರಿಗೆ ಎರಡೆರಡು ಸಲ ಯಾಕೆ ಸುಮ್ನೆ? ನಾನು, ವೇದಾವತಿ ಹೋಗ್ತೀವಿ. ಬರೋ ಹದಿನೆಂಟಕ್ಕೆ."

ಶಿವಯೋಗಿಯವರು ಬಾಯಿ ತೆರೆದರು. ‘ನಾನು ನೋಡಿಲ್ಲ’ ಎನ್ನುವ ಒಂದನ್ನು ಬಿಟ್ಟು ಹೇಳಲು ಬೇರೆ ಮಾತು ಇರಲಿಲ್ಲ. ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ದುರ್ಗಿಗುಡಿಗೆ ಓಡಿದರು.

"ಬನ್ನಿ ಸಾರ್," ಎಂದ ವೆಂಕಟಾಚಲ. "ನಿಮ್ಮ ಟಿಕೆಟ್ಟಾ? ಅದನ್ನ ಮೇಡಂ ಕ್ಯಾನ್ಸಲ್ ಮಾಡ್ಸಿ ಅವರ ಹೆಸರಲ್ಲಿ ತಗೊಂಡ್ರಲ್ಲ. ವಿಮಾನಾನೂ ರಿಪೇರಿ ಆಗಿದೆ. ಸೀಟು ಮಾತ್ರ ಇನ್ನಿಲ್ಲ, ಮೂರು ತಿಂಗಳು ಫುಲ್ಲು."

"ಯಾವಾಗ ತಗೊಂಡ್ಲು?"

"ನೀವು ಹೊರಟು ಒಂದು ಒಂಬತ್ತು ದಿನ ಆಗಿತ್ತೇನೋ. ಮಧ್ಯಾಹ್ನ ಬಂದಿದ್ರು. ಕೈಯಲ್ಲಿ ಸಬ್ಬಸಿಗೆ ಸೊಪ್ಪಿನ ಚೀಲ ಇತ್ತು." ವೆಂಕಟಾಚಲ ಕುರ್ಚಿ ಹತ್ತಿರ ಎಳೆದುಕೊಂಡ. "ನಂಗೊಂದು ಅರ್ಥ ಆಗ್ಲಿಲ್ಲ ಸಾರ್. ವಿಮಾನ ಕ್ಯಾನ್ಸಲ್ ಆಯ್ತಲ್ಲ, ಅವತ್ತೇ ಸಂಜೆ ಸಾರಿ ಕೇಳೋಣ ಅಂತ ನಿಮ್ಮನೆಗೆ ಬಂದಿದ್ದೆ. ಸಾರ್ ವಾಪಸ್ ಬಂದ್ರಾ ಅಂತ ಕೇಳಿದ್ರೆ ಮೇಡಂ ಪೂರ್ತಿ ವಿಷಯ ಕೇಳ್ಕೊಂಡು, ‘ಅವರು ಟುವಾಲುಲಿದಾರೆ, ಈ ಮಾತು ಯಾರಿಗೂ ಹೇಳ್ಬೇಡಿ’ ಅಂದ್ರು. ಆಮೇಲೆ ಟಿಕೆಟ್‌ಗೆ ಬಂದಾಗ ನಾನು ಕೇಳ್ದೆ, ‘ಅಷ್ಟು ದೂರ ಯಾಕೆ ಮೇಡಂ, ಅಲ್ಲೇನಿದೆ’ ಅಂತ. ಅದಕ್ಕೆ, ‘ದಿನಾ ಒಬ್ರು ಫೋನಲ್ಲಿ ಹೇಳ್ತಾರೆ. ಅವರು ಹೇಳೋದು ಕೇಳಿದ್ರೆ ನೋಡ್ದೇ ಇರೋಕಾಗಲ್ಲ’ ಅಂದ್ರು. ಯಾರು ಸಾರ್ ಅದು? ನಮ್ಮ ಅಂಗಡಿಗೆ ಸಿಕ್ರೆ ಕೆಲಸ ಕೊಡ್ತಿದ್ದೆ."

ಶಿವಯೋಗಿಯವರು ಹೊರಗೆ ಬಂದರು. ದುರ್ಗಿಗುಡಿಯಿಂದ ಹೊಸಮನೆಗೆ ನಡೆದೇ ಹೋದರು. ದಾರಿಯಲ್ಲಿ ಮೂರು ಸಲ ನಿಂತರು. ಒಂದು ಸಲ ನಾಚಿಕೆಗೆ, ಒಂದು ಸಲ ಸಿಟ್ಟಿಗೆ. ಮೂರನೆಯದು ಯಾಕೆಂದು ಅವರಿಗೇ ತಿಳಿಯಲಿಲ್ಲ, ಅದೇನೂ ದುಃಖದಂತಿರಲಿಲ್ಲ.

ಮನೆಯಲ್ಲಿ ಉಮಾಮಹೇಶ್ವರಿಯವರು ಮಂಚದ ಮೇಲೆ ಪೆಟ್ಟಿಗೆ ತೆರೆದಿಟ್ಟುಕೊಂಡಿದ್ದರು. ಬಾಗಿಲಲ್ಲಿ ನಿಂತ ಗಂಡನನ್ನು ಕಂಡು ಕನ್ನಡಕ ಸರಿಮಾಡಿಕೊಂಡು, ಒಂದು ಕಾಗದ ಪೆನ್ನು ಎತ್ತಿಕೊಂಡರು.

"ಸರಿಯಾದ ಹೊತ್ತಿಗೆ ಬಂದ್ರಿ. ಕೂತ್ಕೊಳ್ಳಿ. ಈ ಬೀದಿಲಿ ಆ ಊರು ಗೊತ್ತಿರೋರು ನೀವೊಬ್ರೇ. ಬೆಳಿಗ್ಗೆ ಎದ್ದು ಮೊದ್ಲು ಎಲ್ಲಿಗೆ ಹೋಗ್ಬೇಕು ಹೇಳಿ."

ಶಿವಯೋಗಿಯವರು ಹೆಂಡತಿಯ ಮುಖವನ್ನೇ ನೋಡಿದರು. ಅಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. ಆಕೆ ನಿಜವಾಗಿ ಕೇಳುತ್ತಿದ್ದರು. ಶಿವಯೋಗಿಯವರು ಮಂಚದ ಅಂಚಿನಲ್ಲಿ, ಮಡಚಿಟ್ಟ ಸೀರೆಗಳನ್ನು ಸ್ವಲ್ಪ ಸರಿಸಿ ಕೂತರು.

"ಮೊದ್ಲು ಎಲ್ಲಿಗೂ ಹೋಗ್ಬೇಡ," ಎಂದರು. "ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ್ಕೋ. ಎರಡು ಕಡೆಯಿಂದ ನೀರಿನ ಸದ್ದು ಬರುತ್ತೆ. ಒಂದು ಜೋರು, ಇನ್ನೊಂದು ಮೆತ್ತಗೆ. ಮೆತ್ತಗಿರೋದು ತಕ್ಷಣಕ್ಕೆ ಕೇಳ್ಸಲ್ಲ. ಕಾಯ್ಬೇಕು."

ಉಮಾಮಹೇಶ್ವರಿ ಅದನ್ನು ದುಂಡಗೆ ಬರೆದುಕೊಂಡರು.

"ಆಮೇಲೆ?" ಎಂದರು.